ಅಮೆರಿಕದ ತಟ್ಟೆ ಹಿಗ್ಗಿದ ಕಥೆ

ಅಮೆರಿಕದಲ್ಲಿ ಒಬ್ಬರಿಗೆಂದು ಕೊಡುವ ತಿಂಡಿ, ಊಟ, ಪಾನೀಯಗಳ ಪ್ರಮಾಣ 1970ರ ದಶಕದಲ್ಲಿ ಏರತೊಡಗಿತು, 1980ರ ದಶಕದಲ್ಲಿ ಜಿಗಿಯಿತು, ಮುಂದೆಯೂ ಏರುತ್ತಲೇ ಹೋಯಿತು. ಇದನ್ನು ಬರಿಯ ಅನಿಸಿಕೆಯಾಗಿ ಬಿಡದೆ ತೂಗಿ ನೋಡಿದವರು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪೌಷ್ಟಿಕತಜ್ಞರಾದ ಲಿಸಾ ಯಂಗ್ ಮತ್ತು ಮೇರಿಯನ್ ನೆಸ್ಲೆ. (ಅದೇ ಹೆಸರಿನ ಚಾಕೊಲೇಟ್ ಕಂಪನಿಗೂ ಈಕೆಗೂ ಯಾವ ಸಂಬಂಧವೂ ಇಲ್ಲ.) ಬೇಕರಿ, ಹೋಟೆಲು, ಅಂಗಡಿಗಳಲ್ಲಿ ಮಾರುತ್ತಿದ್ದ ತಿನಿಸುಗಳ ತೂಕವನ್ನು ಅವರು ಸರ್ಕಾರ ಗೊತ್ತುಮಾಡಿದ ಅಳತೆಯ ಪಕ್ಕದಲ್ಲಿಟ್ಟು 2002ರಲ್ಲಿ ವರದಿ ಪ್ರಕಟಿಸಿದರು. ಬಿಳಿ ಬ್ರೆಡ್ಡಿನ ಒಂದು ಸ್ಲೈಸ್ ಹೊರತು ಅವರು ತೂಗಿದ್ದೆಲ್ಲವೂ ಅಳತೆ ಮೀರಿತ್ತು. ಕುಕ್ಕಿ ಬಿಸ್ಕತ್ತು ಶೇ 700ರಷ್ಟು ಹೆಚ್ಚಿಗೆ ತೂಗಿತು.

ಅಲ್ಲಿನ ರಾಷ್ಟ್ರೀಯ ಹೃದಯ, ಶ್ವಾಸಕೋಶ ಮತ್ತು ರಕ್ತ ಸಂಸ್ಥೆ ಜನರಿಗೆ ತಿಳಿಹೇಳಲು ಎರಡು ದಶಕಗಳ ಅಂತರದ ಹೋಲಿಕೆಯೊಂದನ್ನು ಸಿದ್ಧಪಡಿಸಿತ್ತು. ಅದರಂತೆ 3 ಇಂಚು ಅಗಲದ, 140 ಕ್ಯಾಲೊರಿಯ ಬೇಗಲ್ ಎಂಬ ಬನ್ನು 6 ಇಂಚಿನ, 350 ಕ್ಯಾಲೊರಿಯ ಬನ್ನಾಯಿತು. ಆಲೂಗಡ್ಡೆಯ ಫ್ರೆಂಚ್ ಫ್ರೈಸ್ 68 ಗ್ರಾಂನಿಂದ 195 ಗ್ರಾಂಗೆ ಹೋಯಿತು, ಕ್ಯಾಲೊರಿ 210ರಿಂದ 610ಕ್ಕೆ ಏರಿತು.

ಜನ ತಿಂಡಿಪೋತರಾದರು ಎನ್ನುವುದು ಸುಲಭದ ಉತ್ತರ. ಆದರೆ 1955ರ ಮನುಷ್ಯನಿಗೂ 1995ರ ಮನುಷ್ಯನಿಗೂ ಹೊಟ್ಟೆ ಅದೇ, ಆಸೆಯೂ ಅದೇ. ಈ ನಡುವೆ ಬದಲಾದದ್ದು ಮಾರುವವನ ಲೆಕ್ಕಾಚಾರ. ಎದುರಿಗೆ ಇಟ್ಟದ್ದನ್ನು ‘ಒಂದು’ ಎಂದು ಒಪ್ಪಿಕೊಂಡು ಮುಗಿಸಿಬಿಡುವ ನಮ್ಮ ಅಭ್ಯಾಸ ಅದಕ್ಕೆ ಒದಗಿಬಂತು.

ಎರಡನೇ ಪೊಟ್ಟಣದ ಸಂಕೋಚ

ಈ ಲೆಕ್ಕಾಚಾರವನ್ನು ಮೊದಲು ಸ್ಪಷ್ಟವಾಗಿ ಕಂಡುಕೊಂಡವನೆಂದು ಡೇವಿಡ್ ವಾಲರ್‌ಸ್ಟೀನ್ ಹೆಸರು ಹೇಳುತ್ತಾರೆ. ಆತ ಷಿಕಾಗೊದ ಬಾಲಬನ್ ಅಂಡ್ ಕಾಟ್ಜ್ ಚಿತ್ರಮಂದಿರಗಳ ಸಮೂಹದಲ್ಲಿ ಅಧಿಕಾರಿ. ಟಿಕೆಟ್ಟಿನ ಹಣದಲ್ಲಿ ದೊಡ್ಡ ಪಾಲು ಸಿನಿಮಾ ಕಂಪನಿಗೆ ಹೋಗುತ್ತಿದ್ದುದರಿಂದ ಥಿಯೇಟರಿನವರ ಲಾಭವೆಲ್ಲ ಪಾಪ್‌ಕಾರ್ನ್ ಮತ್ತು ಸೋಡಾದಲ್ಲೇ ಇತ್ತು. ಬೆಲೆ ಇಳಿಸಿದ್ದಾಯಿತು, ಎರಡು ಕೊಂಡರೆ ರಿಯಾಯಿತಿ ಎಂದದ್ದಾಯಿತು. ಆದರೂ ಒಬ್ಬರಿಗೆ ಒಂದೇ ಪೊಟ್ಟಣ. ಅದು ಖಾಲಿಯಾಗಿ ಇನ್ನಷ್ಟು ಬೇಕೆನಿಸಿದರೂ ಜನ ಮತ್ತೆ ಎದ್ದು ಬರುತ್ತಿರಲಿಲ್ಲ.

ಎರಡನೇ ಸಲ ಹೋಗಿ ಕೊಂಡರೆ ನೋಡಿದವರು ಹೊಟ್ಟೆಬಾಕ ಎಂದುಕೊಂಡಾರು ಎಂಬ ಸಂಕೋಚ ಜನರನ್ನು ತಡೆಯುತ್ತಿದೆ ಎಂದು ವಾಲರ್‌ಸ್ಟೀನ್ ಅರ್ಥಮಾಡಿಕೊಂಡ. ಎರಡು ಪೊಟ್ಟಣದಷ್ಟನ್ನು ಒಂದೇ ದೊಡ್ಡ ಪೊಟ್ಟಣದಲ್ಲಿ ಕೊಟ್ಟರೆ ಆ ಸಂಕೋಚಕ್ಕೆ ಜಾಗವೇ ಇರುವುದಿಲ್ಲವಲ್ಲ! ದೊಡ್ಡ ಪೊಟ್ಟಣ ಬಂತು, ವ್ಯಾಪಾರ ಏರಿತು. ಉಪ್ಪು ಹಾಕಿದ ಪಾಪ್‌ಕಾರ್ನ್ ಹೆಚ್ಚು ತಿಂದವರಿಗೆ ಬಾಯಾರಿಕೆಯೂ ಹೆಚ್ಚು, ಹಾಗಾಗಿ ಸೋಡಾ ಮಾರಾಟವೂ ಜೊತೆಗೇ ಏರಿತು.

ಮುಂದೆ ಆತ ಮೆಕ್‌ಡೊನಾಲ್ಡ್ಸ್‌ನ ಆಡಳಿತ ಮಂಡಳಿಗೆ ಬಂದ. ಫ್ರೈಸ್‌ಗೂ ದೊಡ್ಡ ಪೊಟ್ಟಣ ಬೇಕೆಂದು ಕಂಪನಿಯ ಮುಖ್ಯಸ್ಥ ರೇ ಕ್ರಾಕ್‌ಗೆ ಹೇಳಿದಾಗ ಕ್ರಾಕ್ ಒಪ್ಪಲಿಲ್ಲ. ಬೇಕಾದವರು ಎರಡು ಕೊಳ್ಳಲಿ ಎಂಬುದು ಆತನ ವಾದ. ವಾಲರ್‌ಸ್ಟೀನ್ ಅಂಗಡಿಗಳಲ್ಲಿ ಕೂತು ಗಿರಾಕಿಗಳನ್ನು ಗಮನಿಸಿದ. ಪೊಟ್ಟಣದ ತಳದಲ್ಲಿ ಉಳಿದ ಚೂರು, ಉಪ್ಪನ್ನೂ ಜನ ಬೆರಳಿನಿಂದ ಹೆಕ್ಕಿ ತಿನ್ನುತ್ತಿದ್ದರು. ಅವರಿಗೆ ಇನ್ನೂ ಬೇಕಿತ್ತು, ಎರಡನೆಯದನ್ನು ಮಾತ್ರ ಕೇಳುತ್ತಿರಲಿಲ್ಲ. ಕ್ರಾಕ್ ಕೊನೆಗೆ ಮಣಿದ. 1970ರ ದಶಕದಲ್ಲಿ ‘ಲಾರ್ಜ್ ಫ್ರೈಸ್’ ಮೆನುವಿಗೆ ಬಂತು. ಅಂಗಡಿ ಶುರುವಾದಾಗ ಇದ್ದ ಒಂದೇ ಅಳತೆ ‘ಸ್ಮಾಲ್’ ಆಗಿ ಕೆಳಗಿಳಿಯಿತು.

ಈ ಇಡೀ ಕಥೆಯಲ್ಲಿ ನನಗೆ ಅತಿ ಮುಖ್ಯವೆನಿಸುವುದು ಈ ಪ್ರಸಂಗವೇ. ಅತಿಯಾಗಿ ತಿನ್ನಬಾರದೆಂಬ ಮರ್ಯಾದೆ ಜನರಲ್ಲಿ ಇದ್ದೇ ಇತ್ತು. ಆ ಮರ್ಯಾದೆ ಪೊಟ್ಟಣಗಳನ್ನು ಎಣಿಸುತ್ತಿತ್ತೇ ಹೊರತು ಗ್ರಾಂಗಳನ್ನಲ್ಲ.

ಬಾಟಲಿಯಿಂದ ಬಕೆಟ್ಟಿನವರೆಗೆ

ಪಾನೀಯದ ಇತಿಹಾಸ ಇನ್ನೂ ಹಿಂದಕ್ಕೆ ಹೋಗುತ್ತದೆ. ಕೋಕಾ-ಕೋಲಾದ ಪ್ರಸಿದ್ಧ ನಡು ಸಣ್ಣಗಿನ ಬಾಟಲಿಯಲ್ಲಿ ಹಿಡಿಸುತ್ತಿದ್ದುದು 6.5 ಔನ್ಸ್, ಅಂದರೆ ಸುಮಾರು 192 ಮಿ.ಲೀ. ಬೆಲೆ 5 ಸೆಂಟ್. ದಶಕಗಳ ಕಾಲ ಕಂಪನಿ ಬಾಟಲಿಯನ್ನೂ ಬೆಲೆಯನ್ನೂ ಬದಲಿಸಲಿಲ್ಲ. ಅದರ ಮಾರಾಟ ಯಂತ್ರಗಳು 5 ಸೆಂಟಿನ ನಾಣ್ಯವನ್ನಷ್ಟೇ ನುಂಗುತ್ತಿದ್ದುದೂ ಇದಕ್ಕೆ ಒಂದು ಕಾರಣ.

ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ ದಿವಾಳಿಯ ಅಂಚಿನಲ್ಲಿದ್ದ ಪೆಪ್ಸಿ ಒಂದು ಉಪಾಯ ಹೂಡಿತು. ಅಗ್ಗಕ್ಕೆ ಸಿಗುತ್ತಿದ್ದ ಹಳೆಯ ಬಿಯರ್ ಬಾಟಲಿಗಳನ್ನು ತೊಳೆದು, 12 ಔನ್ಸ್ ತುಂಬಿ, ಅದೇ 5 ಸೆಂಟಿಗೆ ಮಾರಿತು. ಅದೇ ಕಾಸಿಗೆ ಹೆಚ್ಚುಕಡಿಮೆ ಎರಡರಷ್ಟು! ರುಚಿಯಲ್ಲಿ ಗೆಲ್ಲಲಾಗದಿದ್ದರೂ ಅಳತೆಯಲ್ಲಿ ಗೆಲ್ಲಬಹುದೆಂದು ಪೆಪ್ಸಿ ತೋರಿಸಿತು. ಕೋಕಾ-ಕೋಲಾ ಬಹಳ ಕಾಲ ತಡೆದುಕೊಂಡು, 1955ರಲ್ಲಿ 10 ಮತ್ತು 12 ಔನ್ಸಿನ ಬಾಟಲಿಗಳನ್ನು ಹೊರತಂದಿತು. ಆಮೇಲೆ 12 ಔನ್ಸಿನ (355 ಮಿ.ಲೀ.) ಕ್ಯಾನ್ ರೂಢಿಯಾಯಿತು, 1990ರ ದಶಕದಲ್ಲಿ 20 ಔನ್ಸಿನ ಪ್ಲಾಸ್ಟಿಕ್ ಬಾಟಲಿ ಒಬ್ಬರ ಪಾಲು ಎನಿಸಿಕೊಂಡಿತು.

ಲೋಟದಲ್ಲಿ ಮಾರುವವರು ಇವರನ್ನೆಲ್ಲ ಮೀರಿಸಿದರು. ಸೆವೆನ್-ಇಲೆವೆನ್ ಅಂಗಡಿಗಳು 1976ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 32 ಔನ್ಸಿನ, ಅಂದರೆ ಲೀಟರಿಗೆ ತುಸು ಕಡಿಮೆಯ ಲೋಟವೊಂದನ್ನು ಪ್ರಯೋಗಕ್ಕಿಟ್ಟವು. ‘ಬಿಗ್ ಗಲ್ಪ್’ ಎಂಬ ಆ ಲೋಟ 1980ರಲ್ಲಿ ದೇಶವಿಡೀ ಬಂತು. ಅದರ ಹಿಂದೆಯೇ 44 ಔನ್ಸಿನದು, 1980ರ ದಶಕ ಮುಗಿಯುವ ಹೊತ್ತಿಗೆ 64 ಔನ್ಸಿನದು. ಕೊನೆಯದರ ಅಳತೆ ಸುಮಾರು 1.9 ಲೀಟರ್, ನಮ್ಮ ಮನೆಗಳಲ್ಲಿ ನೆಂಟರು ಬಂದಾಗ ತರುವ ದೊಡ್ಡ ಬಾಟಲಿಯಷ್ಟು, ಒಬ್ಬನಿಗೆ, ಸ್ಟ್ರಾ ಸಮೇತ. ಕಾರು ಕಂಪನಿಗಳು ಲೋಟ ಇಡುವ ಗೂಡನ್ನೂ ದೊಡ್ಡದು ಮಾಡಿದವೆಂದು ಯಂಗ್ ಮತ್ತು ನೆಸ್ಲೆ ಬರೆಯುತ್ತಾರೆ. ಹಳೆಯ ಅಡುಗೆ ಪುಸ್ತಕಗಳ ಹೊಸ ಮುದ್ರಣಗಳಲ್ಲಿ ಸಾಮಗ್ರಿ ಅಷ್ಟೇ ಇದ್ದರೂ ‘ಇಷ್ಟು ಜನಕ್ಕೆ’ ಎಂಬ ಸಂಖ್ಯೆ ಕಡಿಮೆಯಾಗಿದ್ದನ್ನೂ ಅವರು ಗುರುತಿಸಿದ್ದಾರೆ.

ಬರ್ಗರಿನದೂ ಇದೇ ದಾರಿ. 1955ರ ಮೆಕ್‌ಡೊನಾಲ್ಡ್ಸ್ ಬರ್ಗರಿನ ಮಾಂಸದ ಬಿಲ್ಲೆ ಸುಮಾರು 45 ಗ್ರಾಂ. 1970ರ ದಶಕದ ಆರಂಭದಲ್ಲಿ ಬಂದ ಕ್ವಾರ್ಟರ್ ಪೌಂಡರಿನದು 113 ಗ್ರಾಂ.

ಗಲ್ಲಾಪೆಟ್ಟಿಗೆಯ ಗಣಿತ

ಕಾಸಿಗೆ ತಕ್ಕ ಕಜ್ಜಾಯ ಎಂಬ ಗಾದೆ ಹೋಟೆಲಿನಲ್ಲಿ ಪೂರ್ತಿ ನಿಜವಲ್ಲ. ಹೋಟೆಲಿನವನ ಖರ್ಚಿನಲ್ಲಿ ಕಜ್ಜಾಯದ ಹಿಟ್ಟು-ಬೆಲ್ಲದ ಪಾಲು ಸಣ್ಣದು. ಬಾಡಿಗೆ, ಸಂಬಳ, ಕರೆಂಟು, ಜಾಹೀರಾತು ಇವೇ ದೊಡ್ಡವು. ಗಿರಾಕಿ ಚಿಕ್ಕ ಲೋಟ ಕೊಂಡರೂ ದೊಡ್ಡದು ಕೊಂಡರೂ ಇವು ಅಷ್ಟೇ ಇರುತ್ತವೆ.

ಕಾಲ್ಪನಿಕ ಲೆಕ್ಕವೊಂದನ್ನು ನೋಡಿ. 20 ರೂಪಾಯಿಯ ಲೋಟದಲ್ಲಿ 3 ರೂಪಾಯಿಯ ಶರಬತ್ತಿದೆ ಎನ್ನಿ. ಎರಡರಷ್ಟು ಶರಬತ್ತನ್ನು 30 ರೂಪಾಯಿಗೆ ಕೊಟ್ಟರೆ ಅಂಗಡಿಯವನಿಗೆ ಹೆಚ್ಚು ಖರ್ಚಾಗುವುದು ಬರೀ 3 ರೂಪಾಯಿ, ಗಲ್ಲಾಪೆಟ್ಟಿಗೆಗೆ ಬೀಳುವುದು 10. ಗಿರಾಕಿಗೂ ಅರ್ಧ ಹಣಕ್ಕೆ ಇನ್ನೊಂದು ಲೋಟ ಸಿಕ್ಕ ಖುಷಿ. ಇಬ್ಬರೂ ಗೆದ್ದಂತೆ ಕಾಣುವ ಈ ವ್ಯವಹಾರದಲ್ಲಿ ಚಿಕ್ಕ ಲೋಟ ಕೇಳುವವನೇ ದಡ್ಡನಂತೆ ಕಾಣುತ್ತಾನೆ. ಅಮೆರಿಕದ ಫಾಸ್ಟ್‌ಫುಡ್ ಅಂಗಡಿಗಳಲ್ಲಿ ಗಿರಾಕಿಗೆ ಅನಿಸುವಂತೆ ಮಾಡಿದ್ದು ಇದನ್ನೇ.

ಪೈಪೋಟಿ ಇದನ್ನು ಬಿಸಿ ಮಾಡಿತು. 1980ರ ದಶಕದ ಹೊತ್ತಿಗೆ ಊರೂರಲ್ಲೂ ಒಂದರ ಪಕ್ಕ ಒಂದು ಬರ್ಗರ್ ಅಂಗಡಿ ಎದ್ದಿದ್ದವು. ಹೊಸ ಗಿರಾಕಿಯನ್ನು ಹುಡುಕುವುದಕ್ಕಿಂತ ಬಂದವನ ಕೈಯಿಂದಲೇ ಇನ್ನಷ್ಟು ಹಣ ಹೊರಡಿಸುವುದು ಅಗ್ಗ. ಮೆಕ್‌ಡೊನಾಲ್ಡ್ಸ್‌ನಲ್ಲಿ ‘ಲಾರ್ಜ್’ಗೂ ಮೀರಿದ ‘ಸೂಪರ್ ಸೈಜ್’ ಬಂತು. 1991ರಲ್ಲಿ ಬರ್ಗರ್, ಫ್ರೈಸ್, ಪಾನೀಯ ಒಟ್ಟಿಗೇ ಸಿಗುವ ‘ಎಕ್ಸ್‌ಟ್ರಾ ವ್ಯಾಲ್ಯೂ ಮೀಲ್’ ಬಂತು. ಬಿಡಿಬಿಡಿಯಾಗಿ ಕೊಂಡರೆ ದುಬಾರಿ. ಬರೀ ಬರ್ಗರಿಗೆಂದು ಬಂದವನೂ ಫ್ರೈಸ್ ಸಮೇತ ಎದ್ದುಹೋಗುವುದು ಆಗ ಲೆಕ್ಕಕ್ಕೆ ಸರಿಯಾಯಿತು.

ಮೂರು ಅಳತೆ ಇದ್ದಾಗ ಬಹಳಷ್ಟು ಜನ ನಡುವಿನದನ್ನು ಆರಿಸುತ್ತಾರೆ. ಮೇಲೊಂದು ಇನ್ನೂ ದೊಡ್ಡದನ್ನು ಸೇರಿಸಿದರೆ ನಡುವಿನ ಜಾಗವೇ ಮೇಲಕ್ಕೆ ಸರಿಯುತ್ತದೆ. ಅಮೆರಿಕದ ಸ್ಟಾರ್‌ಬಕ್ಸ್ ಕಾಫಿ ಅಂಗಡಿಗಳಲ್ಲಿ ಹಿಂದೆ ಅತಿ ಚಿಕ್ಕದಾಗಿರದ ‘ಟಾಲ್’ ಲೋಟ ಈಗ ಬೋರ್ಡಿನಲ್ಲಿ ಕಾಣುವ ಅತಿ ಚಿಕ್ಕ ಲೋಟ. 2011ರಲ್ಲಿ ತಣ್ಣನೆಯ ಪಾನೀಯಕ್ಕೆಂದು ಬಂದ ‘ಟ್ರೆಂಟಾ’ 900 ಮಿ.ಲೀ. ಮೀರುತ್ತದೆ.

ಜೊತೆಗೆ, ಜನ ಹೊರಗೆ ತಿನ್ನುವುದೇ ಹೆಚ್ಚಾಯಿತು. 1970ರಲ್ಲಿ ಅಮೆರಿಕನ್ನರ ಆಹಾರದ ಖರ್ಚಿನಲ್ಲಿ ಮೂರನೇ ಒಂದರಷ್ಟು ಮನೆಯಾಚೆಯ ಊಟಕ್ಕೆ ಹೋಗುತ್ತಿತ್ತು. 1990ರ ದಶಕದ ಕೊನೆಗೆ ಅದು ಅರ್ಧದ ಹತ್ತಿರ ಬಂತು. ಎಷ್ಟು ಬಡಿಸಬೇಕೆಂಬ ತೀರ್ಮಾನ ಮನೆಯವರ ಕೈತಪ್ಪಿತು.

ಮೆಕ್ಕೆಜೋಳದ ಸಕ್ಕರೆ ಪಾಕ

ಎಲ್ಲಕ್ಕೂ ಮೂಲ ಮೆಕ್ಕೆಜೋಳ ಎನ್ನುವವರಿದ್ದಾರೆ. 1971ರಿಂದ 1976ರವರೆಗೆ ಅಮೆರಿಕದ ಕೃಷಿ ಸಚಿವರಾಗಿದ್ದ ಅರ್ಲ್ ಬಟ್ಜ್ ರೈತರು ಇಳುವರಿ ಆದಷ್ಟೂ ಹೆಚ್ಚಿಸಬೇಕೆಂಬ ನೀತಿ ತಂದರು. ಮೆಕ್ಕೆಜೋಳ ಹೇರಳವಾಯಿತು. ಅದರಿಂದ ತೆಗೆಯುವ ಫ್ರಕ್ಟೋಸ್ ಪಾಕ ಸಕ್ಕರೆಗಿಂತ ಅಗ್ಗವಾಯಿತು. ಆಮದು ಸಕ್ಕರೆಗೆ ಸರ್ಕಾರ ಹಾಕಿದ್ದ ಮಿತಿಯಿಂದ ಸಕ್ಕರೆ ಬೆಲೆ ಇಳಿಯಲೂ ಇಲ್ಲ. 1984ರ ಹೊತ್ತಿಗೆ ಕೋಕಾ-ಕೋಲಾ, ಪೆಪ್ಸಿ ಎರಡೂ ಅಮೆರಿಕದಲ್ಲಿ ಪೂರ್ತಿ ಜೋಳದ ಪಾಕಕ್ಕೆ ಬದಲಾಗಿದ್ದವು.

ಇದರಲ್ಲಿ ಸತ್ಯವಿದೆ, ಆದರೆ ಈ ವಾದಕ್ಕೆ ಸಲ್ಲಬೇಕಾದ್ದಕ್ಕಿಂತ ಹೆಚ್ಚು ತೂಕ ಸಂದಿದೆ ಎಂದೇ ನನಗನಿಸುತ್ತದೆ. ಲೋಟದ ಬೆಲೆಯಲ್ಲಿ ಸಿಹಿಯ ಪಾಲು ಸಕ್ಕರೆಯ ಕಾಲದಲ್ಲೂ ಕೆಲವೇ ಸೆಂಟು. ಲೋಟ ಹಿಗ್ಗುವುದಕ್ಕೆ ಜೋಳ ಅಡ್ಡಿ ಬರಲಿಲ್ಲ ಎನ್ನಬಹುದು, ಹಿಗ್ಗಿಸಿತು ಎನ್ನುವುದು ಕಷ್ಟ.

ಇಟ್ಟಷ್ಟೂ ಒಳಗೆ ಹೋಗುವುದು ಏಕೆ

ದೊಡ್ಡದನ್ನು ಮಾರಿದರೂ ಜನ ಸಾಕಾದಾಗ ನಿಲ್ಲಿಸಬಹುದಿತ್ತಲ್ಲ? ಪೆನ್‌ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದ ಬಾರ್ಬರಾ ರೋಲ್ಸ್ ಈ ಪ್ರಶ್ನೆಯ ಬೆನ್ನು ಹತ್ತಿದರು. 2002ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಒಂದೇ ಗುಂಪಿನ ಜನರಿಗೆ ಬೇರೆ ಬೇರೆ ದಿನ ಚೀಸ್ ಹಾಕಿದ ಮ್ಯಾಕರೋನಿಯನ್ನು 500, 625, 750 ಮತ್ತು 1,000 ಗ್ರಾಂ ಪ್ರಮಾಣದಲ್ಲಿ ಕೊಡಲಾಯಿತು. ಬೇಕಾದಷ್ಟು ತಿನ್ನಿ, ಉಳಿದರೆ ಬಿಡಿ. ಅತಿ ದೊಡ್ಡ ಪ್ರಮಾಣ ಕೊಟ್ಟ ದಿನ ಅವರು ಅತಿ ಚಿಕ್ಕದರ ದಿನಕ್ಕಿಂತ ಶೇ 30ರಷ್ಟು ಹೆಚ್ಚು ಕ್ಯಾಲೊರಿ ತಿಂದರು. ಊಟವಾದ ಮೇಲೆ ಹಸಿವು, ತೃಪ್ತಿಯ ಬಗ್ಗೆ ಕೇಳಿದರೆ ಹೆಚ್ಚು ವ್ಯತ್ಯಾಸವಿಲ್ಲ. ಪ್ರಮಾಣ ಬದಲಾಗಿತ್ತೆಂದು ಗಮನಿಸಿದವರೇ ಅರ್ಧಕ್ಕಿಂತ ಕಡಿಮೆ.

ಎರಡು ವರ್ಷ ಮೊದಲು ಇದೇ ತಂಡ ಮಕ್ಕಳ ಮೇಲೆ ಮಾಡಿದ ಪ್ರಯೋಗ ಇನ್ನೂ ಕುತೂಹಲದ್ದು. ಮೂರು ವರ್ಷದ ಆಸುಪಾಸಿನ ಮಕ್ಕಳು ತಟ್ಟೆಯಲ್ಲಿ ಎಷ್ಟಿದ್ದರೂ ತಮಗೆ ಬೇಕಾದಷ್ಟೇ ತಿಂದು ಎದ್ದವು. ಐದು ವರ್ಷದವು ಹೆಚ್ಚು ಬಡಿಸಿದಾಗ ಹೆಚ್ಚು ತಿಂದವು. ಹೊಟ್ಟೆಯ ಮಾತು ಕೇಳುವುದನ್ನು ಬಿಟ್ಟು ತಟ್ಟೆಯ ಮಾತು ಕೇಳುವುದನ್ನು ನಾವು ಈ ಎರಡು ವರ್ಷಗಳ ನಡುವೆ ಎಲ್ಲೋ ಕಲಿತುಬಿಡುತ್ತೇವೆ ಎಂದಾಯಿತು. ತಟ್ಟೆಯಲ್ಲಿ ಬಿಡಬಾರದು ಎಂದು ಮಗುವಿಗೆ ಹೇಳದ ಮನೆ ಯಾವುದು?

ಈ ವಿಷಯದಲ್ಲಿ ಪತ್ರಿಕೆಗಳು ಅತಿ ಹೆಚ್ಚು ಉದ್ಧರಿಸಿದ ಹೆಸರು ಕಾರ್ನೆಲ್ ವಿಶ್ವವಿದ್ಯಾಲಯದ ಬ್ರಯಾನ್ ವಾನ್ಸಿಂಕ್ ಅವರದು. ಅವರ ಸಂಶೋಧನೆಗಳನ್ನು ಈಗ ನೆಚ್ಚಿಕೊಳ್ಳುವಂತಿಲ್ಲ. ಅಂಕಿಅಂಶಗಳ ದೋಷಗಳು ಹೊರಬಿದ್ದ ಮೇಲೆ 2018ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ನಿಯತಕಾಲಿಕಗಳು ಅವರ ಆರು ಲೇಖನಗಳನ್ನು ಒಟ್ಟಿಗೇ ಹಿಂತೆಗೆದುಕೊಂಡವು. ವಿಶ್ವವಿದ್ಯಾಲಯದ ತನಿಖೆ ಅವರ ದುರ್ನಡತೆಯನ್ನು ಖಚಿತಪಡಿಸಿತು. ದೊಡ್ಡ ತಟ್ಟೆ, ತಳವಿಲ್ಲದ ಸೂಪಿನ ಬಟ್ಟಲು ಎಂದೆಲ್ಲ ಇಂದಿಗೂ ಓಡಾಡುವ ಸುದ್ದಿಗಳಲ್ಲಿ ಹಲವು ಅವರವೇ. ಆದರೆ ಮೂಲ ಮಾತು ಅವರೊಬ್ಬರನ್ನೇ ನಂಬಿ ನಿಂತಿಲ್ಲ. ಕೇಂಬ್ರಿಡ್ಜ್‌ನ ಸಂಶೋಧಕರು 2015ರಲ್ಲಿ ಅರವತ್ತಕ್ಕೂ ಹೆಚ್ಚು ಅಧ್ಯಯನಗಳನ್ನು ಜರಡಿ ಹಿಡಿದಾಗಲೂ ದೊಡ್ಡ ಪ್ರಮಾಣ, ದೊಡ್ಡ ಪೊಟ್ಟಣ ಎದುರಿಗಿದ್ದರೆ ಜನ ಹೆಚ್ಚು ತಿನ್ನುತ್ತಾರೆ ಎಂಬುದೇ ಉಳಿಯಿತು.

ಎರಡು ದೇಶ, ಎರಡು ತಟ್ಟೆ

ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಮತ್ತು ಸಂಗಡಿಗರು 2003ರಲ್ಲಿ ಪ್ಯಾರಿಸ್ ಹಾಗೂ ಫಿಲಡೆಲ್ಫಿಯಾದ ಹೋಟೆಲುಗಳ ಆಹಾರವನ್ನು ತೂಗಿ ಹೋಲಿಸಿದರು. ಸರಾಸರಿ ಒಂದು ಪ್ಲೇಟು ಪ್ಯಾರಿಸ್ಸಿನಲ್ಲಿ 277 ಗ್ರಾಂ, ಫಿಲಡೆಲ್ಫಿಯಾದಲ್ಲಿ 346 ಗ್ರಾಂ. ಬೆಣ್ಣೆ, ಚೀಸ್‌ಗಳಿಗೆ ಹೆಸರಾದ ಫ್ರೆಂಚರು ಅಮೆರಿಕನ್ನರಷ್ಟು ದಪ್ಪಗಾಗದ್ದಕ್ಕೆ ಈ ವ್ಯತ್ಯಾಸವೂ ಒಂದು ಕಾರಣ ಎಂದು ಅವರು ವಾದಿಸಿದರು. ಫ್ರೆಂಚರಿಗೆ ಕಟ್ಟುನಿಟ್ಟಿನ ಮನಸ್ಸೇನೂ ಬೇಕಾಗಿರಲಿಲ್ಲ, ಎದುರಿಗೆ ಬಂದದ್ದೇ ಕಡಿಮೆ.

ಲೇಬಲ್ಲಿನ ವಿಚಿತ್ರ

ಅಮೆರಿಕದ 1990ರ ಪೌಷ್ಟಿಕಾಂಶ ಲೇಬಲ್ ಕಾನೂನಿನಂತೆ ಪೊಟ್ಟಣದ ಮೇಲೆ ನಮೂದಿಸುವ ‘ಒಂದು ಸಲದ ಪ್ರಮಾಣ’ ಜನ ಎಷ್ಟು ತಿನ್ನಬೇಕು ಎಂಬುದನ್ನು ಹೇಳುವುದಿಲ್ಲ; ವಾಡಿಕೆಯಲ್ಲಿ ಎಷ್ಟು ತಿನ್ನುತ್ತಾರೆ ಎಂಬುದನ್ನು ಹೇಳುತ್ತದೆ. ಹೀಗಾಗಿ ವಾಡಿಕೆ ಏರಿದಾಗ ಲೇಬಲ್ಲಿನ ಅಳತೆಯೂ ಏರಲೇಬೇಕು. 2016ರ ತಿದ್ದುಪಡಿಯಲ್ಲಿ ಸೋಡಾದ ಪ್ರಮಾಣ 8 ಔನ್ಸಿನಿಂದ 12 ಔನ್ಸಿಗೆ, ಐಸ್‌ಕ್ರೀಮಿನದು ಅರ್ಧ ಕಪ್ಪಿನಿಂದ ಮೂರನೇ ಎರಡರಷ್ಟು ಕಪ್ಪಿಗೆ ಹೋಯಿತು. ಮೊಸರಿನದು ಇಳಿಯಿತು. ಪ್ರಾಮಾಣಿಕ ಲೆಕ್ಕವೇನೋ ಹೌದು, ಆದರೆ ಓದುವವನು ಅದನ್ನು ಸರ್ಕಾರದ ಸಲಹೆ ಎಂದೇ ಓದುತ್ತಾನೆ.

ನಮ್ಮ ಕಡೆಯ ಲೆಕ್ಕ

ಭಾರತದಲ್ಲಿ ಅಳತೆ ಎರಡು ದಿಕ್ಕಿಗೂ ಎಳೆದಾಡಿದೆ. ಇಲ್ಲಿ ಕಂಪನಿಗಳು ಹಿಡಿದು ಕೂತದ್ದು ಬೆಲೆಯನ್ನು. ಐದು ರೂಪಾಯಿಯ ಬಿಸ್ಕತ್ತು ಐದು ರೂಪಾಯಿಯಲ್ಲೇ ಉಳಿದು ಪೊಟ್ಟಣ ತೆಳ್ಳಗಾಗುತ್ತ ಬಂತು. ಕೋಕಾ-ಕೋಲಾ ಕೂಡ 2003ರ ಹೊತ್ತಿಗೆ 300 ಮಿ.ಲೀ. ಬಾಟಲಿಯ ಪಕ್ಕದಲ್ಲಿ 200 ಮಿ.ಲೀ. ಬಾಟಲಿಯನ್ನು 5 ರೂಪಾಯಿಗೆ ಇಟ್ಟು ಹಳ್ಳಿಗಳನ್ನು ಹೊಕ್ಕಿತು. ಬೆಂಗಳೂರಿನ ದರ್ಶಿನಿಗಳಲ್ಲಿ ಇಬ್ಬರು ನಿಂತು ‘ಒಂದು ಕಾಫಿ, ಬೈ-ಟು’ ಎಂದರೆ ಇಂದಿಗೂ ಯಾರೂ ತಿರುಗಿ ನೋಡುವುದಿಲ್ಲ. ವಾಲರ್‌ಸ್ಟೀನ್ ಕಂಡದ್ದು ಹೆಚ್ಚು ಕೇಳುವ ಸಂಕೋಚ, ಕಡಿಮೆ ಕೇಳಲು ಇಲ್ಲಿ ಸಂಕೋಚವೇ ಇಲ್ಲ. ಕಡಿಮೆ ಕೇಳುವುದು ನಮ್ಮಲ್ಲಿ ಸ್ನೇಹದ ಲಕ್ಷಣ.

ಇನ್ನೊಂದು ಕಡೆ, 2004ರಲ್ಲಿ ಕೋರಮಂಗಲದ ಫೋರಂ ಮಾಲ್ ಮತ್ತು ಅದರೊಳಗಿನ ಮಲ್ಟಿಪ್ಲೆಕ್ಸ್ ತೆರೆದ ಕಾಲದಿಂದ ಕನ್ನಡದ ಪ್ರೇಕ್ಷಕರಿಗೂ ಪಾಪ್‌ಕಾರ್ನ್ ಟಬ್, ಕಾಂಬೊ, ‘ಇನ್ನು ಸ್ವಲ್ಪ ಸೇರಿಸಿದ್ರೆ ಲಾರ್ಜ್ ಬರತ್ತೆ ಸರ್’ ಎಲ್ಲ ಪರಿಚಯವಾಗಿವೆ. ಹಳೆಯ ಟಾಕೀಸಿನ ಇಂಟರ್ವಲ್ಲಿನಲ್ಲಿ ಸಿಗುತ್ತಿದ್ದ ಕಾಗದದ ಪೊಟ್ಟಣದ ಕಡಲೆಕಾಯಿಯನ್ನು ಯಾರೂ ಅಪ್‌ಗ್ರೇಡ್ ಮಾಡುತ್ತಿರಲಿಲ್ಲ.

ಎಲೆಯೂಟದ ಪದ್ಧತಿಯನ್ನು ಇದರ ಎದುರಿಗಿಟ್ಟು ನೋಡಬಹುದು. ಅಲ್ಲಿ ಪ್ರಮಾಣಕ್ಕೆ ಮಿತಿಯೇ ಇಲ್ಲ, ಬಡಿಸುವವರ ಒತ್ತಾಯ ಬೇರೆ. ಆದರೂ ಅನ್ನ ಸುತ್ತು ಸುತ್ತಾಗಿ ಬರುತ್ತದೆ. ಪ್ರತಿ ಸುತ್ತಿನಲ್ಲೂ ಎಲೆಯ ಮೇಲೆ ಕೈ ಅಡ್ಡ ಹಿಡಿದು ‘ಸಾಕು’ ಎನ್ನುವ ಅವಕಾಶವಿದೆ. ತುಂಬಿ ಮುಚ್ಚಿ ಕೊಟ್ಟ ಡಬ್ಬಿಯಲ್ಲಿ ಆ ಅವಕಾಶ ಒಂದೇ ಸಲ, ಅದೂ ತಿನ್ನುವ ಮೊದಲು, ಕೌಂಟರಿನ ಮುಂದೆ. ಹಾಗೆಂದು ಎಲೆಯೂಟದಲ್ಲಿ ಯಾರೂ ಅತಿಯಾಗಿ ತಿನ್ನುವುದಿಲ್ಲ ಎಂದು ಮದುವೆ ಮನೆಗೆ ಹೋಗಿಬಂದ ಯಾರೂ ಹೇಳಲಾರರು.

2017ರಲ್ಲಿ ಕೇಂದ್ರ ಸಚಿವ ರಾಮ್ ವಿಲಾಸ್ ಪಾಸ್ವಾನ್ ಹೋಟೆಲುಗಳು ಬಡಿಸುವ ಪ್ರಮಾಣವನ್ನು ನಿಗದಿ ಮಾಡುವ ಮಾತೆತ್ತಿದ್ದರು. ಅವರ ಕಾಳಜಿ ಇದ್ದದ್ದು ಬೊಜ್ಜಿನ ಬಗ್ಗೆ ಅಲ್ಲ, ಪೋಲಾಗುವ ಅನ್ನದ ಬಗ್ಗೆ. ಟೀಕೆ ಬಂದ ಮೇಲೆ ಮಾತು ತಣ್ಣಗಾಯಿತು.

ಇಳಿಸುವ ಪ್ರಯತ್ನಗಳು

ಮೆಕ್‌ಡೊನಾಲ್ಡ್ಸ್ ‘ಸೂಪರ್ ಸೈಜ್’ ಅನ್ನು 2004ರಲ್ಲಿ ಕೈಬಿಡುವುದಾಗಿ ಹೇಳಿತು. ಅದರ ಊಟವನ್ನೇ ಟೀಕಿಸಿದ ಮಾರ್ಗನ್ ಸ್ಪರ್ಲಾಕ್‌ನ ‘ಸೂಪರ್ ಸೈಜ್ ಮಿ’ ಸಾಕ್ಷ್ಯಚಿತ್ರ ಸುದ್ದಿಯಲ್ಲಿದ್ದ ವರ್ಷವೇ ಅದು. ಮೆನು ಸರಳಗೊಳಿಸುತ್ತಿದ್ದೇವೆ, ಚಿತ್ರಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದಿತು ಕಂಪನಿ. ಬ್ರಿಟನ್ನಿನಲ್ಲಿ ಚಾಕೊಲೇಟ್ ಕಂಪನಿಗಳು ‘ಕಿಂಗ್ ಸೈಜ್’ ಬಾರುಗಳನ್ನು ನಿಲ್ಲಿಸಿ, ಅದೇ ಪೊಟ್ಟಣದಲ್ಲಿ ಹಂಚಿಕೊಳ್ಳಲೆಂದು ಎರಡು ತುಂಡು ಇಟ್ಟು ಮಾರಿದವು. ಹಂಚಿಕೊಂಡವರೆಷ್ಟೋ!

ನ್ಯೂಯಾರ್ಕ್ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ 2012ರಲ್ಲಿ ಹೋಟೆಲು, ಚಿತ್ರಮಂದಿರಗಳಲ್ಲಿ 16 ಔನ್ಸಿಗಿಂತ (473 ಮಿ.ಲೀ.) ದೊಡ್ಡ ಲೋಟದಲ್ಲಿ ಸಿಹಿ ಪಾನೀಯ ಮಾರದಂತೆ ನಿಯಮ ತಂದರು. ಎರಡು ಲೋಟ ಕೊಳ್ಳಲು ಅಡ್ಡಿಯಿರಲಿಲ್ಲ. ಅಂದರೆ ವಾಲರ್‌ಸ್ಟೀನ್ ದಾಟಿಸಿದ್ದ ಸಂಕೋಚವನ್ನು ಮತ್ತೆ ದಾರಿಗೆ ಅಡ್ಡ ನಿಲ್ಲಿಸುವ ಯತ್ನ. ಏನು ಕುಡಿಯಬೇಕೆಂದು ಸರ್ಕಾರ ಹೇಳಬೇಕೇ ಎಂದು ಜನ ಸಿಡಿದರು, ಪಾನೀಯ ಕಂಪನಿಗಳು ಕೋರ್ಟಿಗೆ ಹೋದವು. ಜಾರಿಗೆ ಬರುವ ಹಿಂದಿನ ದಿನ, 2013ರ ಮಾರ್ಚಿನಲ್ಲಿ, ನ್ಯಾಯಾಲಯ ತಡೆಯಿತು. 2014ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯವೂ ನಗರದ ಆರೋಗ್ಯ ಮಂಡಳಿಗೆ ಆ ಅಧಿಕಾರವಿಲ್ಲವೆಂದಿತು.

ಕಾನೂನಿನಿಂದ ಆಗದ್ದನ್ನು ಸ್ವಲ್ಪಮಟ್ಟಿಗೆ ಮಾಡುತ್ತಿರುವುದು ಮತ್ತದೇ ಗಲ್ಲಾಪೆಟ್ಟಿಗೆ. ಕೋಕಾ-ಕೋಲಾ 2009ರಲ್ಲಿ 7.5 ಔನ್ಸಿನ, ಅಂದರೆ ಸುಮಾರು 222 ಮಿ.ಲೀ.ನ ಪುಟ್ಟ ಕ್ಯಾನ್ ಪ್ರಕಟಿಸಿತು. ಸಕ್ಕರೆಗೆ ಹೆದರಿದ ಗಿರಾಕಿ ಅದನ್ನು ಇಷ್ಟಪಟ್ಟು ಕೊಳ್ಳುತ್ತಾನೆ. ಪ್ರತಿ ಮಿ.ಲೀ.ಗೆ ಅವನು ಕೊಡುವ ಹಣ ದೊಡ್ಡ ಕ್ಯಾನಿನದಕ್ಕಿಂತ ಹೆಚ್ಚು, ಹಾಗಾಗಿ ಕಂಪನಿಗೂ ಅದು ಇಷ್ಟವೇ.